ಕಾಲ್ಕಟ್ಟು ಕತ್ತರಿಸಲು ಓಡಿದವಳು

ಜೂರಕಾನ್ ಬೆಳಗಾಗೆದ್ದು ಓಡುತ್ತಾಳೆ ಎಂಬ ಸುದ್ದಿ ಅಕ್-ಜಾರ್ ಊರಿಗೆಲ್ಲ ಹಬ್ಬಲು ಹೆಚ್ಚು ದಿನ ಬೇಕಾಗಲಿಲ್ಲ. ಗುಟ್ಟಾಗಿಟ್ಟಿದ್ದೇನೆ ಎಂದುಕೊಂಡವಳು ಅವಳೊಬ್ಬಳೇ. ಹಸುವನ್ನು ಮಂದೆಗೆ ಬಿಟ್ಟುಬರುವ ನೆಪ ಮಾಡಿಕೊಂಡಿದ್ದಳು. ಮಂದೆ ಸೇರುವುದು ಓಣಿಯ ಆ ತುದಿಯ ದೊಡ್ಡ ಪಾಪ್ಲರ್ ಮರದ ಕೆಳಗೆ. ಹಸುವಿಗೆ ನಡೆಯುವ ಮನಸ್ಸು, ಇವಳಿಗೆ ಓಡುವ ಅವಸರ. ಪಾಪದ ಪ್ರಾಣಿ ಗಾಬರಿಯಾಗಿ ಹಾಲೇ ಕಡಿಮೆ ಮಾಡಿತು.

ಪಕ್ಕದ ಮನೆಯ ಉಲ್ಕಾನ್ ಮಣ್ಣಿನ ಗೋಡೆಯ ಮೇಲೆ ಗಲ್ಲವೂರಿ ನೋಡುತ್ತಿದ್ದಳು.

"ಏನೇ ಜೂರಕಾನ್, ಪೊಲೀಸರು ಅಟ್ಟಿಸ್ಕೊಂಡು ಬರ್ತಿದಾರಾ?"

"ಆ ಕಾಲ ಮುಗೀತು ಕಣೇ. ಈಗ ನಾನೇ ಅಟ್ಟೋದು."

"ಯಾರನ್ನ?"

"ಕಾಣಲ್ವಾ? ಹಸೂನ."

"ಹಸು ಅಲ್ಲೇ ನಿಂತು ಮೇಯ್ತಿದೆ. ನೀನು ಎಲ್ಲಿಗೆ ಹೊರಟೆ ಮಾರಾಯ್ತಿ?"

ಹಿಂದೆ ಕತ್ತೆಯ ಮೇಲೆ ಕೂತು ಬರುತ್ತಿದ್ದ ಗಂಡ ಸಾದಿರ್ ನಗು ತಡೆಯಲಾರದೆ ಟೊಪ್ಪಿಗೆಯನ್ನು ಮುಖಕ್ಕೆ ಎಳೆದುಕೊಂಡ. ಅವಳು ಎಷ್ಟು ಓಡಿದಳು, ಎಲ್ಲಿ ಏದುಸಿರು ಬಿಟ್ಟಳು ಎಂದು ನೋಡಿ ಹೇಳುವ ಕೆಲಸ ಅವನದು. ನಲವತ್ತು ವರ್ಷ ಕುದುರೆ ಕಾಯ್ದವನು. ಕುದುರೆಗಳಿಗೆ ಹೇಳುತ್ತಿದ್ದುದನ್ನೇ ಹೆಂಡತಿಗೂ ಹೇಳುತ್ತಿದ್ದ: "ಶುರೂನಲ್ಲೇ ದಮ್ಮು ಖಾಲಿ ಮಾಡ್ಬೇಡ. ಕತ್ತು ಮುಂದಕ್ಕೆ ಬಿಡು. ಹೂಂ, ಹಂಗೆ. ಈಗ ಚೆನ್ನಾಗಿ ಬೆವರ್ತಿದೀಯ."

ಇಷ್ಟಕ್ಕೆಲ್ಲ ಕಾರಣ ಮೊಮ್ಮಗಳು ಕುಂದುಜ್. ಮಗು ಗೋಡೆ ಹಿಡಿದು ನಿಲ್ಲಲು ಕಲಿತಿತ್ತು. ಇನ್ನು ಕಾಲ್ಕಟ್ಟು ಕತ್ತರಿಸಬೇಕು. ಮಗುವಿನ ಎರಡೂ ಕಾಲಿಗೆ ಕರಿಬಿಳಿ ಉಣ್ಣೆಯ ಹುರಿ ಕಟ್ಟಿ ನಿಲ್ಲಿಸುತ್ತಾರೆ. ಹೆಂಗಸರು ದೂರದಿಂದ ಓಡಿ ಬರುತ್ತಾರೆ. ಮೊದಲು ಬಂದವಳು ತಾಯಿಯ ಕೈಯಿಂದ ಚಾಕು ತೆಗೆದುಕೊಂಡು ಕಟ್ಟನ್ನು ಕತ್ತರಿಸುತ್ತಾಳೆ, ಮಗು ಎಲ್ಲರೆದುರು ಮೊದಲ ಹೆಜ್ಜೆ ಇಡುತ್ತದೆ. ಕತ್ತರಿಸಿದವಳ ಕಾಲೂ ಗುಣವೂ ಮಗುವಿಗೆ ಬರುತ್ತವೆ. ಕತ್ತರಿಸದೆ ಬಿಟ್ಟರೆ ಆ ಮಗು ಬದುಕಿರುವವರೆಗೂ ಮುಗ್ಗರಿಸುತ್ತದೆ. ಇದರಲ್ಲಿ ನಂಬುವುದು ಬಿಡುವುದು ಏನಿಲ್ಲ. ಸಾರಿಗೆ ಉಪ್ಪು ಹಾಕಿದರೆ ಉಪ್ಪಾಗುತ್ತದೆ, ಅಷ್ಟೆ.

ಜೂರಕಾನ್ ಮೂರು ಹೆತ್ತವಳು. ಮೂರೂ ಮೊದಲ ಹೆಜ್ಜೆ ಇಟ್ಟದ್ದನ್ನು ನೋಡಲಿಲ್ಲ. ದೊಡ್ಡ ಮಗಳ ಕಾಲ್ಕಟ್ಟಿನ ದಿನ ಸಾಮೂಹಿಕ ಜಮೀನಿನ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ರಜೆ ಕೇಳಿದಾಗ ಮೇಸ್ತ್ರಿ, "ನಿನ್ನ ಮಗು ನಾಳೇನೂ ನಡೆಯುತ್ತೆ, ಹಸುವಿನ ಕೆಚ್ಚಲು ನಾಳೆವರೆಗೂ ಕಾಯಲ್ಲ" ಎಂದಿದ್ದ. ಸಂಜೆ ಮನೆಗೆ ಬಂದರೆ ಅತ್ತೆ ಕಟ್ಟು ಕತ್ತರಿಸಿ, ಮಾಂಸ ಹಂಚಿ, ಪಾತ್ರೆ ತೊಳೆದಿಟ್ಟಾಗಿತ್ತು. ಮಗ ನೂರ್ದಿನ್, ಈಗ ಕುಂದುಜಳ ಅಪ್ಪ, ನಡೆಯುವ ಹೊತ್ತಿಗೆ ಸಾಮೂಹಿಕ ಜಮೀನೇ ಮುರಿದುಬಿದ್ದಿತ್ತು. ಒಂದು ಮೂಟೆ ಉಣ್ಣೆ ಹೊತ್ತು ಕಣಿವೆಯಾಚೆಯ ಸಂತೆಗೆ ಹೋದವಳು ಹಿಮ ಬಿದ್ದು ದಾರಿ ಮುಚ್ಚಿ ಅಲ್ಲೇ ಸಿಕ್ಕಿಕೊಂಡಳು. ಕಿರಿಯವನದು ಇನ್ನೂ ಚೆಂದ. ಗಣಿಯವರು ಊರಿನ ಊಟೆಯ ನೀರನ್ನು ಕೊಳವೆ ಹಾಕಿ ಎಳೆದುಕೊಂಡಾಗ ಹೆಂಗಸರು ರಸ್ತೆಗಿಳಿದು ತೋಳಿಗೆ ತೋಳು ಸಿಕ್ಕಿಸಿ ಲಾರಿಗಳಿಗೆ ಅಡ್ಡ ನಿಂತರು. ಮುಂದೆ ನಿಂತವಳು ಜೂರಕಾನ್. ಮಗನ ಕಾಲ್ಕಟ್ಟು ಬಿಡಿಸುವ ದಿನ ಅವಳು ಠಾಣೆಯಲ್ಲಿ ಕೂತು ಕಾವಲುಗಾರನನ್ನು ಬೈಯುತ್ತಿದ್ದಳು. ಊಟೆ ಊರಿಗೇ ಉಳಿಯಿತು. ಅದರ ಬಗ್ಗೆ ಅವಳಿಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಆದರೆ ಯಾರಾದರೂ ಮಕ್ಕಳ ಮೊದಲ ಹೆಜ್ಜೆಯ ಮಾತು ತೆಗೆದರೆ ಎದ್ದು ಹೋಗಿ ಒಲೆ ಕೆದಕುತ್ತಿದ್ದಳು.

"ನಾನು ಹೆರೋಕೆ ಇದ್ದೆ, ಹೊರೋಕೆ ಇದ್ದೆ," ಎಂದು ಒಮ್ಮೆ ಸಾದಿರನಿಗೆ ಹೇಳಿದ್ದಳು. "ನೋಡೋಕೆ ಮಾತ್ರ ಬೇರೆಯವರು. ಈ ಸಲ ನಾನೇ ಮೊದಲು ಹೋಗಿ ಮುಟ್ತೀನಿ. ಕತ್ತರಿಸ್ತೀನಿ. ಮೂಗಿನ ಎದುರೇ ಕೂತು ನೋಡ್ತೀನಿ."

"ಅಜ್ಜಿ ಅಂತ ಕೇಳಿದ್ರೆ ಓಡದೇನೇ ಚಾಕು ಕೊಡ್ತಾರಲ್ಲೇ."

"ಕೇಳಿ ಇಸ್ಕೊಳ್ಳೋಕೆ ನಾನೇನು ಭಿಕ್ಷೆಗೆ ಬಂದಿದೀನಾ?"

ಔತಣದ ಹಿಂದಿನ ದಿನ ಅಂಗಳದಲ್ಲಿ ದೊಡ್ಡ ಬಾಣಲೆಯಿಟ್ಟು ಬೋರ್ಸೋಕ್ ಕರಿಯುತ್ತಿದ್ದರು. ಹಿಟ್ಟಿನ ಚಿಕ್ಕ ಚಿಕ್ಕ ತುಂಡುಗಳು ಎಣ್ಣೆಗೆ ಬಿದ್ದು ಉಬ್ಬಿ ಮೇಲೇಳುತ್ತಿದ್ದವು. ಜೂರಕಾನ್ ಬಾಣಲೆಯ ಮುಂದೆ, ಸೊಸೆ ಜಾರ್ಕಿನ್ ಹಿಟ್ಟಿನ ಮುಂದೆ. ಜಾರ್ಕಿನ್ ಮಾತು ಕಡಿಮೆಯ ಹುಡುಗಿ, ಆದರೆ ಆಡಿದರೆ ಮೊಳೆ ಹೊಡೆದ ಹಾಗೆ. ಅತ್ತೆಯನ್ನು ಅಲ್ಲಿಯ ರೂಢಿಯಂತೆ ಅಪಾ, ಅಂದರೆ ಅಮ್ಮ, ಎಂದು ಕರೆಯುತ್ತಿದ್ದಳು.

"ಅಪಾ, ನಾಳೆ ನಮ್ಮಮ್ಮನ ಜೊತೆ ಎಲ್ನೂರಾನೂ ಬರ್ತಾಳೆ. ನನ್ನ ಚಿಕ್ಕಮ್ಮನ ಮಗಳು."

"ಬರಲಿ. ಊಟದ ಹಾಸು ಅಗಲ ಇದೆ."

"ಓಡೋದಕ್ಕೆ ಬರ್ತಾಳೆ."

ಜೂರಕಾನ್ ಜಾಲರಿ ಸೌಟು ಎತ್ತಿದವಳು ಹಾಗೇ ನಿಂತಳು. ಎಲ್ನೂರಾ ಯಾರೆಂದು ಸರೋವರದ ಈ ದಡದಲ್ಲಿ ಗೊತ್ತಿಲ್ಲದವರಿಲ್ಲ. ಜಿಲ್ಲೆಗೇ ಮೊದಲು ಬಂದು ಕೊರಳಿಗೆ ಪದಕ ಹಾಕಿಸಿಕೊಂಡವಳು. ಅವಳು ಓಡುವುದನ್ನು ನೋಡಿದರೆ ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ ಎಂದು ಅನುಮಾನ ಬರುತ್ತದೆ.

"ಅವಳು ತಾನಾಗೇ ಬರ್ತಿದಾಳಾ, ನೀನು ಕರೆಸಿದ್ದಾ?"

"ನಾನೇ ಕರೆಸಿದ್ದು."

"ಯಾಕಮ್ಮಾ?"

ಜಾರ್ಕಿನ್ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಸುಳ್ಳು ಹೇಳಲ್ಲ ಅಪಾ. ನೀವು ಓಡ್ತಿದೀರ ಅಂತ ಗೊತ್ತಾಯ್ತು. ನೀವು ಗೆದ್ರೆ ನಿಮ್ಮ ಗುಣ ಬರುತ್ತೆ. ನೀವು ಕೆಟ್ಟೋರಲ್ಲ. ಆದರೆ ನಿಮ್ಮ ಹಠ ನನ್ನ ಮಗಳಿಗೆ ಬೇಡ. ನೀವು ಪಟ್ಟಿದ್ದು ಅವಳು ಪಡೋದು ಬೇಡ. ಎಲ್ನೂರಾ ಹಗುರ. ನಗ್ತಾ ಇರ್ತಾಳೆ, ಯಾರ ತಂಟೆಗೂ ಹೋಗಲ್ಲ."

ಬಾಣಲೆಯಲ್ಲಿದ್ದದ್ದು ಕೆಂಪಾಗಿ, ಕಂದಾಗಿ, ಕಪ್ಪಾಗತೊಡಗಿತು. ಜೂರಕಾನ್ ಸೌಟು ಹಾಕಿ ಎಲ್ಲವನ್ನೂ ಒಂದೇ ಸಲಕ್ಕೆ ಎತ್ತಿ ಬುಟ್ಟಿಗೆ ಸುರಿದಳು. ಕೋಪ ಬಂದಿತ್ತು. ಕೋಪಕ್ಕಿಂತ ಹೆಚ್ಚಾಗಿ, ಈ ಹುಡುಗಿ ಹಿಂದೆ ಆಡದೆ ಮುಖದ ಮೇಲೇ ಆಡಿದಳಲ್ಲ ಎಂದು ಒಳಗೊಳಗೇ ಮೆಚ್ಚಿಗೆಯೂ ಆಗಿತ್ತು. ಅದನ್ನು ಹೇಳುವ ಪೈಕಿ ಅವಳಲ್ಲ.

"ಸರಿ. ಅವಳು ಓಡಲಿ. ನಾನೂ ಓಡ್ತೀನಿ. ಓಣಿ ನಿಮ್ಮಪ್ಪಂದಲ್ಲ, ನಮ್ಮಪ್ಪಂದೂ ಅಲ್ಲ. ಹಾಕು, ಎಣ್ಣೆ ಸುಮ್ಮನೆ ಕಾಯ್ತಿದೆ."

ಮರುದಿನ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಸರೋವರದ ಮೇಲಿಂದ ತಣ್ಣನೆ ಗಾಳಿ. ಬೆಳಗಿನಿಂದಲೇ ಕುರಿಮಾಂಸ ಬೇಯುವ ವಾಸನೆ ಓಣಿಯ ನಾಯಿಗಳಿಗೆಲ್ಲ ಹುಚ್ಚು ಹಿಡಿಸಿತ್ತು. ಬೀಗರು ಎರಡು ವ್ಯಾನಿನಲ್ಲಿ ಬಂದಿಳಿದರು. ಮೊದಲು ಇಳಿದದ್ದು ಜಾರ್ಕಿನಳ ತಾಯಿ ಕ್ಲಾರಾ. ಪಟ್ಟಣದ ಪೇಟೆಯಲ್ಲಿ ಬಟ್ಟೆ ಮಾರುವವಳು, ಅದರ ಗುರುತೇನೋ ಎಂಬಂತೆ ಅಂಗಡಿಯ ಅರ್ಧ ಬಣ್ಣ ಮೈಮೇಲೇ ಇತ್ತು.

"ಬಾ ಬೀಗಿತ್ತಿ, ಬಾ!" ಜೂರಕಾನ್ ತಬ್ಬಿಕೊಂಡಳು. "ದಪ್ಪ ಆಗಿದೀಯ, ಸದ್ಯ ಓಡಲ್ಲ ಅಂದ್ಕೋತೀನಿ."

"ಯಾಕೆ ಓಡಲ್ಲ? ಬೂಟು ತಂದಿದೀನಿ!" ಕ್ಲಾರಾ ಕೈಚೀಲ ತಟ್ಟಿದಳು. "ನೀನು ಹಸು ಅಟ್ಕೊಂಡು ಓಡ್ತಿದ್ದಿ ಅಂತಲ್ಲ? ನಮ್ಮ ಪೇಟೆವರೆಗೂ ಸುದ್ದಿ ಬಂದಿದೆ."

"ಹಸೂನೇ ಹೇಳಿರ್ಬೇಕು."

ಹಿಂದೆ ಇಳಿದ ಎಲ್ನೂರಾ ಕಡ್ಡಿಯಂಥ ಹುಡುಗಿ, ಕಾಲುಗಳು ಕೊಕ್ಕರೆಯದಂತೆ. ಬಗ್ಗಿ ಜೂರಕಾನಳ ಎರಡೂ ಕೈ ಹಿಡಿದು ನಕ್ಕಳು. ದ್ವೇಷಿಸೋಣವೆಂದರೆ ಒಂದು ನೆಪವನ್ನೂ ಕೊಡದಂಥ ನಗು. ಅದೇ ಜೂರಕಾನಳಿಗೆ ಇನ್ನೂ ಕಿರಿಕಿರಿ.

ಗೇಟಿನ ಮುಂದೆ ಓಣಿಯ ನಡುವೆ ಬಿಳಿ ಉಣ್ಣೆಹಾಸು ಹಾಸಿದರು. ಕುಂದುಜಳಿಗೆ ಕೆಂಪು ಜಾಕೀಟು, ತಲೆಗೆ ದೃಷ್ಟಿ ತಾಗದಂತೆ ಗೂಬೆಗರಿ ಸಿಕ್ಕಿಸಿದ ಟೋಪಿ. ಹುರಿ ಹೊಸೆದಿದ್ದು ಜೂರಕಾನ್. ಕಟ್ಟುವ ಕೆಲಸ ಮನೆಯ ಹಿರಿಯನದು. ಸಾದಿರ್ ಮೊಣಕಾಲೂರಿ ಕೂತು, ಮೊಮ್ಮಗಳ ಪುಟ್ಟ ಕಾಲುಗಳಿಗೆ ಹುರಿ ಸುತ್ತಿ, ಹೆಬ್ಬೆರಳಲ್ಲಿ ಒತ್ತಿ ಗಂಟು ಹಾಕಿದ. ಅವನ ಕೈಯ ಚುರುಕು ಕಂಡು ಬೀಗರ ಕಡೆಯವರು ಶಹಭಾಸ್ ಎಂದರು.

ಓಟಗಾರ್ತಿಯರು ಪಾಪ್ಲರ್ ಮರದ ಕೆಳಗೆ ಸೇರಿದರು. ಅಲ್ಲಿಂದ ಗೇಟಿನವರೆಗೆ ಓಣಿ ನೆಟ್ಟಗಿದೆ. ಒಂದು ಕಡೆ ಉಲ್ಕಾನಳ ಮಣ್ಣುಗೋಡೆ, ಇನ್ನೊಂದು ಕಡೆ ಹಿಮ ಕರಗಿ ಭೋರ್ಗರೆಯುವ ಕಾಲುವೆ. ನಡುವೆ ಒಂದು ಲಾರಿ ಹೋಗುವಷ್ಟು ಜಾಗ. ಹೊಸ ಸೊಸೆಯಂದಿರು, ಅತ್ತೆಯರು, ಸ್ಕೂಲಿನ ಹುಡುಗಿಯರು, ಚಪ್ಪಲಿ ಕಳಚಿದವರು, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿದವರು. ಒಬ್ಬರನ್ನೊಬ್ಬರು ತಳ್ಳಿ, ಗಹಗಹಿಸಿ, ಓಟ ಶುರುವಾಗುವ ಮೊದಲೇ ಅರ್ಧ ಜನಕ್ಕೆ ದಮ್ಮು ಹತ್ತಿತ್ತು. ಸೊಂಟನೋವಿನ ಉಲ್ಕಾನಳೂ ಬಂದು ನಿಂತಿದ್ದಳು.

"ನೀನ್ಯಾಕೇ ಬಂದೆ? ಎದ್ದು ನಿಲ್ಲೋಕೇ ಆಗಲ್ಲ ನಿಂಗೆ."

"ಕೊನೇಲಿ ಬರೋರಿಗೂ ಒಂದು ವಸ್ತ್ರ ಕೊಡ್ತಾರಂತೆ ಕಣೇ. ಅದನ್ನ ಬಿಡಲಾ?"

ಗೇಟಿನ ಬಳಿ ನಿಂತ ಊರ ಹಿರಿಯ ತೊಕ್ಟೋಸುನ್ ಬಿಳಿ ಟೊಪ್ಪಿಗೆ ಎತ್ತಿ ಕೆಳಗೆ ಬೀಸಿದ. ಓಡಿದರು!

ಧೂಳೆದ್ದಿತು. ಎಲ್ನೂರಾ ಬಿಲ್ಲಿನಿಂದ ಬಿಟ್ಟಂತೆ ಹೋದಳು. ಜೂರಕಾನ್ ಗಂಡ ಹೇಳಿದ್ದನ್ನೆಲ್ಲ ಮೊದಲ ಹೆಜ್ಜೆಗೇ ಮರೆತು ಇದ್ದ ದಮ್ಮನ್ನೆಲ್ಲ ಒಟ್ಟಿಗೇ ಸುರಿದಳು. ಅರ್ಧ ದಾರಿಯವರೆಗೆ ಭೂಮಿಯೇ ಹಿಂದಕ್ಕೆ ಓಡುತ್ತಿತ್ತು. ಆಮೇಲೆ ಎದೆಯೊಳಗೆ ಯಾರೋ ತಿದಿ ಒತ್ತಿದಂತಾಯಿತು. ಹುಡುಗಿಯರು ಪಕ್ಕದಿಂದ ದಾಟಿದರು. ಎದುರಿಗೆ ಬರೀ ಬೆನ್ನುಗಳು, ಜಡೆಗಳು, ಧೂಳು.

ಅಷ್ಟರಲ್ಲಿ ಗೇಟಿನ ಕಡೆ ಹೋ ಎಂದು ಕೂಗೆದ್ದಿತು. ಗೆದ್ದ ಕೂಗಲ್ಲ. ಗಾಬರಿ, ನಗು ಎರಡೂ ಬೆರೆತ ಕೂಗು.

ಆದದ್ದಿಷ್ಟು. ಸಾದಿರ್ ಕಟ್ಟಿದ್ದು ಕುದುರೆಯ ಗಂಟು. ಮೇಯಲು ಬಿಟ್ಟ ಕುದುರೆಯ ಮುಂಗಾಲಿಗೆ ಹಾಕುವ ಗಂಟು ಅದು, ಎಷ್ಟು ಕುಪ್ಪಳಿಸಿದರೆ ಅಷ್ಟು ಬಿಗಿಯುತ್ತದೆ, ಹುರಿಯ ಬಾಲ ಹಿಡಿದೆಳೆದರೆ ಒಂದೇ ಏಟಿಗೆ ಬಿಚ್ಚುತ್ತದೆ, ಬೇಟೆಗೋ ಕಳ್ಳನ ಹಿಂದೆಯೋ ಹೊರಡುವವನಿಗೆ ತಡವಾಗಬಾರದಲ್ಲ. ನಲವತ್ತು ವರ್ಷ ಅದನ್ನೇ ಹಾಕಿದ ಕೈ ಮೊಮ್ಮಗಳ ಕಾಲಿಗೂ ಅದನ್ನೇ ಹಾಕಿತ್ತು, ಅವನನ್ನು ಕೇಳದೆ. ಕುಂದುಜ್ ಬಗ್ಗಿದಳು, ಪಾದದ ಮೇಲೆ ಬಿದ್ದಿದ್ದ ಹುರಿಯ ಬಾಲ ಹಿಡಿದಳು, ಎಳೆದಳು. ಕಟ್ಟು ಜಾರಿ ಕೆಳಗೆ ಬಿತ್ತು. ಧೂಳೆಬ್ಬಿಸಿ ಬರುತ್ತಿದ್ದ ಹೆಂಗಸರನ್ನು ನೋಡಿ ಸಂಭ್ರಮ ತಾಳಲಾರದೆ ಎರಡೂ ಕೈ ಬಡಿಯುತ್ತ ನಡೆದೇಬಿಟ್ಟಳು. ಹಾಸಿನ ಅಂಚಿನವರೆಗೆ ನಡೆದು ಜಾರ್ಕಿನಳ ತೋಳಿಗೆ ಬಿದ್ದಳು.

ಎಲ್ನೂರಾ ಎಲ್ಲರಿಗಿಂತ ಮೊದಲು ಮುಟ್ಟಿದಳು. ಚಾಕು ಕೊಡಲು ಜಾರ್ಕಿನಳಿಗೆ ಕೈ ಬಿಡುವಿಲ್ಲ. ಕೊಟ್ಟರೂ ಕತ್ತರಿಸಲು ಕಟ್ಟಿಲ್ಲ.

ಜೂರಕಾನ್ ಜನರನ್ನು ಮೊಣಕೈಯಲ್ಲಿ ಸರಿಸಿಕೊಂಡು ಮುಂದೆ ಬರುವ ಹೊತ್ತಿಗೆ ಮಗು ತಾಯಿಯ ಕಂಕುಳಲ್ಲಿತ್ತು.

"ಏನಾಯ್ತು? ಏನಾಯ್ತು ಅಂತ ಹೇಳ್ರೋ!"

"ನಡೆದ್ಲು ಬೀಗಿತ್ತಿ!" ಅವಳಿಗಿಂತ ಎರಡು ಹೆಜ್ಜೆ ಮುಂದಿದ್ದ ಕ್ಲಾರಾ ಕುಣಿಯುತ್ತಿದ್ದಳು. "ತಾನೇ ಬಿಚ್ಕೊಂಡು ನಡೆದ್ಲು! ನೋಡಿದ್ಯಾ? ಬಾತುಕೋಳಿ ಥರ, ಹಿಂಗೆ, ಹಿಂಗೆ!"

"ನಾನು ನೋಡ್ಲಿಲ್ಲ."

ಆ ಮಾತು ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಕೇಳಿದ್ದು ಜಾರ್ಕಿನ್ ಒಬ್ಬಳಿಗೆ. ಅವಳು ಅತ್ತೆಯ ಮುಖ ನೋಡಿದಳು. ಧೂಳು ಮೆತ್ತಿದ ಆ ಮುಖದಲ್ಲಿ ಬೆವರು ಇಳಿದ ಗೆರೆಗಳು ಮಾತ್ರ ಬೆಳ್ಳಗೆ ಕಾಣುತ್ತಿದ್ದವು.

ಅಷ್ಟರಲ್ಲಿ ಜಗಳ ಶುರುವಾಗಿತ್ತು. ಬೀಗರ ಕಡೆಯ ಒಬ್ಬ ಮಾವ ಕೆಳಗೆ ಬಿದ್ದಿದ್ದ ಹುರಿಯನ್ನೆತ್ತಿ, "ಎಲ್ನೂರಾ ಮೊದಲು ಬಂದಳು, ಇದನ್ನೇ ಕತ್ತರಿಸಲಿ, ಊಟಕ್ಕೆ ಏಳೋಣ" ಎಂದ.

"ಕಾಲಲ್ಲಿಲ್ಲದ ಕಟ್ಟು ಕತ್ತರಿಸಿದ್ರೆ ಏನು ಬಂತು?" ಜೂರಕಾನಳ ದನಿ ಓಣಿಯ ಆ ತುದಿಗೆ ಮುಟ್ಟಿತು. "ಮಗು ಜೀವಮಾನ ಪೂರ್ತಿ ಮುಗ್ಗರಿಸ್ತಾ ಇರ್ಲಿ ಅಂತಲಾ? ಕಟ್ಟಿ ಇನ್ನೊಂದು ಸಲ! ಓಡೋಣ ಇನ್ನೊಂದು ಸಲ!"

"ಮಾಂಸ ಆರಿಹೋಗುತ್ತಲ್ಲಮ್ಮ!"

"ಕುರಿ ಸತ್ತಾಗಿದೆ, ಎದ್ದು ಹೋಗಲ್ಲ. ಕಟ್ಟಿ!"

ಎಲ್ಲರೂ ಸಾದಿರನ ಕಡೆ ತಿರುಗಿದರು. ಅವನು ತನ್ನ ಎರಡು ಕೈಗಳನ್ನೂ ಯಾರದೋ ಎಂಬಂತೆ ನೋಡಿಕೊಳ್ಳುತ್ತಿದ್ದ.

"ನಿನ್ನ ಮೊಮ್ಮಗಳನ್ನ ಬೆಟ್ಟಕ್ಕೆ ಮೇಯೋಕೆ ಬಿಡ್ತೀಯೇನೋ ಮುದುಕಾ?" ಎಂದ ತೊಕ್ಟೋಸುನ್. ಓಣಿಯೆಲ್ಲ ನಕ್ಕಿತು. ನಕ್ಕು ಮುಗಿದ ಮೇಲೆ ಅವನೇ ತೀರ್ಪು ಹೇಳಿದ: "ಕತ್ತರಿಸದ ಕಟ್ಟು ಕಟ್ಟಲ್ಲ, ಕಟ್ಟಿಲ್ಲದ ಓಟ ಓಟವಲ್ಲ. ಮತ್ತೆ ಕಟ್ಟಿ. ಈ ಸಲ ಗಂಟು ನಾನು ಹಾಕ್ತೀನಿ. ಅಜ್ಜಿಯಂದಿರು ಬೇಕಾದ್ರೆ ಅರ್ಧ ದಾರಿಯಿಂದ ಓಡಿ."

"ಯಾರಿಗೆ ಬೇಕು ನಿಮ್ಮ ಅರ್ಧ ದಾರಿ?" ಜೂರಕಾನ್ ಆಗಲೇ ಪಾಪ್ಲರ್ ಮರದ ಕಡೆ ನಡೆದಿದ್ದಳು. ಬಾಯಿ ಹಾಗೆಂದಿತು. ಕಾಲು ಬೇರೇನೋ ಹೇಳುತ್ತಿತ್ತು. ಈ ದಮ್ಮಿಗೆ ಆ ಕೊಕ್ಕರೆ ಕಾಲಿನವಳನ್ನು ಹಿಡಿಯುವುದು ಈ ಜನ್ಮದಲ್ಲಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮತ್ತೆ ಬೆನ್ನುಗಳು, ಮತ್ತೆ ಜಡೆಗಳು, ಮತ್ತೆ ಯಾರೋ ಹೇಳಬೇಕು, ನಡೆದಳು ಎಂದು.

ಮರದ ಕೆಳಗೆ ನಿಂತು ಓಣಿಯನ್ನು ನೋಡಿದಳು. ಈ ಕಡೆ ಗೋಡೆ, ಆ ಕಡೆ ಕಾಲುವೆ.

"ಉಲ್ಕಾನ್, ಬಾ ಇಲ್ಲಿ. ಗೋಡೆ ಕಡೆ ನಿಂತ್ಕೋ."

"ಯಾಕೆ?"

"ನಿಲ್ಲೇ ಅಂದ್ರೆ."

ಉಲ್ಕಾನ್ ಗೋಡೆ ಕಡೆ ನಿಂತಳು, ಅರ್ಧ ಅರ್ಥವಾದ ಮುಖದಲ್ಲಿ. ಊಟೆಗಾಗಿ ರಸ್ತೆಗಿಳಿದ ಕಾಲದ ಇನ್ನಿಬ್ಬರು ಮುದುಕಿಯರು ಹೇಳದೆಯೇ ಬಂದು ಹುಡುಗಿಯರ ಮುಂದೆ, ಉಲ್ಕಾನಳ ಪಕ್ಕ ಸಾಲುಗೂಡಿದರು. ತೋಳುಗಳಿಗೆ ಹಳೆಯದು ಏನೋ ನೆನಪಾಗಿತ್ತು. ಆದರೂ ಕಾಲುವೆಯ ಕಡೆ ಒಬ್ಬರಷ್ಟು ಜಾಗ ಖಾಲಿ. ಅಲ್ಲಿ ಕ್ಲಾರಾ ತನ್ನ ಹೊಸ ಬೂಟಿನ ದಾರ ಬಿಗಿಯುತ್ತಿದ್ದಳು.

ಟೊಪ್ಪಿಗೆ ಕೆಳಗಿಳಿಯಿತು. ಜೂರಕಾನ್ ಎರಡೂ ಕೈ ಚಾಚಿದಳು. ಎಡಗೈಗೆ ಪಕ್ಕದ ಮುದುಕಿ ತೋಳು ಸಿಕ್ಕಿಸಿದಳು, ಅವಳಿಗೆ ಇನ್ನೊಬ್ಬಳು, ಅವಳಿಗೆ ಉಲ್ಕಾನ್. ಬಲಗೈ ಕ್ಲಾರಾಳ ತೋಳನ್ನು ಗಪ್ಪೆಂದು ಹಿಡಿಯಿತು.

"ಬಿಡೇ! ಏನ್ ಮಾಡ್ತಿದೀಯ? ಬಿಡು ಅಂದೆ!"

"ಓಡು, ಓಡ್ತಾನೇ ಕೇಳು! ನಿನ್ನ ಮೊಮ್ಮಗಳ ಕಟ್ಟು ನಿನ್ನ ತಂಗಿ ಮಗಳು ಕತ್ತರಿಸಬೇಕಾ, ನೀನು ಕತ್ತರಿಸಬೇಕಾ?"

ಕ್ಲಾರಾ ನಾಲ್ಕು ಹೆಜ್ಜೆ ಎಳೆದಾಡಿದಳು. ಐದನೆಯದಕ್ಕೆ ಲೆಕ್ಕ ತಲೆಗೆ ಹತ್ತಿತು. ಪೇಟೆಯವಳಲ್ಲವೇ.

"ಹಿಡ್ಕೋ ಮತ್ತೆ ಗಟ್ಟಿಯಾಗಿ!" ಎಂದು ತೋಳನ್ನು ಬಿಗಿದಳು. "ಸೊಂಟ ಅಗಲ ಮಾಡ್ರೇ, ಆ ಹುಡುಗಿ ನುಸಿತಾಳೆ!"

ಗೋಡೆಯಿಂದ ಕಾಲುವೆಯವರೆಗೆ ಐವರು ಅಜ್ಜಿಯರ ಒಂದೇ ಸಾಲು. ಓಟವೆಂದರೆ ಓಟವಲ್ಲ, ನಡಿಗೆಯೆಂದರೆ ನಡಿಗೆಯಲ್ಲ, ತುಂಬಿದ ಗಾಡಿ ಇಳಿಜಾರಿಗೆ ಬಿದ್ದಂತೆ. ಹಿಂದೆ ಹುಡುಗಿಯರು ಚೀರುತ್ತಿದ್ದರು. ಎಲ್ನೂರಾ ಎಡಕ್ಕೆ ಬಂದಳು, ಉಲ್ಕಾನಳ ಬೆನ್ನು. ಬಲಕ್ಕೆ ಬಂದಳು, ಕ್ಲಾರಾಳ ಬೆನ್ನು, ಅದರಾಚೆ ಭೋರ್ಗರೆಯುವ ನೀರು.

"ಅಪಾ, ದಾರಿ ಬಿಡಿ!"

"ಸುತ್ತು ಹಾಕ್ಕೊಂಡು ಬಾ ಮಗಳೇ, ಮೇಲಿನ ರಸ್ತೆ ಖಾಲಿ ಇದೆ!"

"ದೊಡ್ಡಮ್ಮಾ, ನೀವೂ ಹಿಂಗಾ?"

"ನಾನು ಅಜ್ಜಿ ಕಣೇ ಈಗ! ಆಮೇಲೆ ದೊಡ್ಡಮ್ಮ!" ಎಂದು ಕ್ಲಾರಾ ತಿರುಗಿ ನೋಡದೆ ಕೂಗಿದಳು.

ಎಲ್ನೂರಾಳಿಗೆ ನಗು ಬಂತು. ನಗು ಬಂದವರಿಗೆ ಓಡಲಾಗುವುದಿಲ್ಲ. ಹೊಟ್ಟೆ ಹಿಡಿದುಕೊಂಡು ಎರಡು ಹೆಜ್ಜೆ ಓಡಿ, ನಿಂತು, ಮತ್ತೆ ಓಡಿ, ಸಾಲಿನ ಹಿಂದೆಯೇ ಬಂದಳು. ಗೇಟಿನ ಬಳಿ ಗಂಡಸರು ತಮ್ಮ ಟೊಪ್ಪಿಗೆಗಳನ್ನು ಮೇಲಕ್ಕೆ ಎಸೆಯುತ್ತಿದ್ದರು. ಬೀಗರ ಕಡೆಯ ಮಾವ ಮಾತ್ರ "ಮೋಸ! ಮೋಸ!" ಎಂದು ಅರಚುತ್ತಿದ್ದ, ಯಾರೋ ಅವನ ಬಾಯಿಗೆ ಬೋರ್ಸೋಕ್ ತುರುಕಿದರು.

ಜೂರಕಾನಳಿಗೆ ಮಗು ಕಾಣುತ್ತಿತ್ತು. ಮುಂದೆ ಬೆನ್ನಿಲ್ಲ, ಜಡೆಯಿಲ್ಲ, ಧೂಳಿಲ್ಲ. ಬಿಳಿ ಹಾಸು, ಅದರ ಮೇಲೆ ಕೆಂಪು ಜಾಕೀಟು, ಗಾಳಿಗೆ ಅಲುಗುವ ಗೂಬೆಗರಿ. ಎದೆ ಒಡೆದರೆ ಒಡೆಯಲಿ ಎಂದುಕೊಂಡಳು.

ಐವರೂ ಒಟ್ಟಿಗೇ ಹಾಸಿನ ಅಂಚಿಗೆ ಬಂದು ಮೂಟೆ ಇಳಿಸಿದಂತೆ ಮಂಡಿಯೂರಿದರು. ಯಾರು ಮೊದಲು ಎಂದು ಹೇಳಲು ದೇವರೇ ಬರಬೇಕು. ಜಾರ್ಕಿನ್ ಚಾಕು ಹಿಡಿದು ನಿಂತಿದ್ದಳು. ಕೊಡಲೂ ಇಲ್ಲ, ಬಿಡಲೂ ಇಲ್ಲ.

"ನಾಚಿಕೆ ಆಗಲ್ವಾ ನಿಮಗೆ?" ಎಂದಳು. ಯಾರಿಗೆ ಹೇಳಿದಳೋ. ಅಮ್ಮನಿಗೋ, ಅತ್ತೆಗೋ.

"ನಾಚಿಕೆ ಆಮೇಲೆ..." ಜೂರಕಾನಳಿಗೆ ಉಸಿರೇ ಬರುತ್ತಿರಲಿಲ್ಲ. "ನೀನು ಬೇಡ ಅಂದ್ರೆ... ಆ ಹುಡುಗಿಗೆ ಕೊಡು. ಎಲ್ನೂರಾಗೆ. ನಂಗೆ ಇಲ್ಲಿ... ಇಲ್ಲೇ ಕೂತ್ಕೊಳ್ಳೋಕೆ ಬಿಡು. ನಾನು ನೋಡ್ಬೇಕು. ಅಷ್ಟೇ."

ಎಲ್ನೂರಾ ಹಿಂದಿನಿಂದ ಬಂದು, "ನಂಗೆ ಬೇಡಪ್ಪ, ನಾನು ಸೋತೆ. ಗೋಡೆ ಜೊತೆ ಯಾರು ಓಡ್ತಾರೆ?" ಎಂದಳು. ಜಾರ್ಕಿನ್ ಬಗ್ಗಿ ಚಾಕುವಿನ ಹಿಡಿಯನ್ನು ಅತ್ತೆಯ ಅಂಗೈಗೆ ಒತ್ತಿದಳು. ತಾಯಿಯ ಕೈಯನ್ನೂ ಹಿಡಿದು ಅದರ ಮೇಲಿಟ್ಟಳು.

"ಬೇಗ ಕತ್ತರಿಸಿ. ನಾನು ಮನಸ್ಸು ಬದಲಾಯಿಸೋ ಮೊದಲು."

ತೊಕ್ಟೋಸುನ್ ಹಾಕಿದ ಗಂಟು ಕಬ್ಬಿಣ. ಚಾಕು ಮೊಂಡು. ಇಬ್ಬರು ಬೀಗಿತ್ತಿಯರು ಒಂದೇ ಹಿಡಿ ಹಿಡಿದು ಗರಗಸ ಎಳೆದಂತೆ ಎಳೆದರು. "ನಿನ್ನ ಕಡೆ ಎಳಿ!" "ಮಗು ಕಾಲು ಕಣೇ, ಕಟ್ಟಿಗೆ ಅಲ್ಲ!" "ನಂಗೂ ಕಣ್ಣಿದೆ!" ಕೊನೆಗೆ ಹುರಿ ಪಟ್ಟೆಂದಿತು. ಓಣಿ ಹೋ ಎಂದಿತು.

ಈಗ ನಡೆಯಬೇಕು. ಎಲ್ಲರೂ ಕೈ ಚಾಚಿದರು. "ಬಾ ಕುಂದುಜ್, ಬಾ!"

ಕುಂದುಜ್ ಒಮ್ಮೆ ಸುತ್ತ ನೋಡಿದಳು. ಕರೆಯುವ ಬಾಯಿಗಳನ್ನೆಲ್ಲ ನೋಡಿದಳು. ಆಮೇಲೆ ದೊಪ್ಪೆಂದು ಕುಂಡೆ ಊರಿ ಹಾಸಿನ ನಟ್ಟನಡುವೆ ಕೂತುಬಿಟ್ಟಳು.

ಎಲ್ನೂರಾ ಜೊತೆಗೆ ತಂದಿದ್ದ ಪದಕ ತೋರಿಸಿದಳು. ಕ್ಲಾರಾ ಕೊರಳಿನ ಮಣಿಸರ ತೋರಿಸಿದಳು. ನೂರ್ದಿನ್ ಕುರಿಯ ಹಾಗೆ ಅರಚಿ ತೋರಿಸಿದ. ಮಗು ಕದಲಲಿಲ್ಲ. ಎತ್ತಿ ನಿಲ್ಲಿಸಲು ಹೋದವರ ಕೈಯಿಂದ ಮೈ ಸಡಿಲ ಬಿಟ್ಟು ಮತ್ತೆ ಕೂತಳು. ಕೆಳತುಟಿ ಮುಂದೆ ಬಂದಿತ್ತು. ಉಲ್ಕಾನ್ ಸೊಂಟ ಹಿಡಿದುಕೊಂಡು ನಗುತ್ತ ಅಲ್ಲೇ ಕುಸಿದಳು.

ಜಾರ್ಕಿನ್ ಮಗಳನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಮೊದಲು ತುಟಿ ಕಚ್ಚಿಕೊಂಡಳು. ಆಮೇಲೆ ತಡೆಯಲಾಗಲಿಲ್ಲ. ಆ ಮನೆಗೆ ಬಂದಂದಿನಿಂದ ಅವಳು ಹಾಗೆ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

"ಕಟ್ಟು ಕತ್ತರಿಸಿದ್ದು ಈಗ ತಾನೇ! ನಿಮ್ಮ ಹಠ ಇಷ್ಟು ಬೇಗ ಬಂತಾ?"

"ನನ್ನ ಮೇಲೆ ಹಾಕ್ಬೇಡ," ಎಂದಳು ಜೂರಕಾನ್. "ಮೊನ್ನೆ ಸ್ನಾನಕ್ಕೆ ಕರೆದ್ರೂ ಹಿಂಗೇ ಕೂತಿದ್ಲು. ಆಗ ಕತ್ತರಿಸಿದ್ದು ಯಾರು? ಹುಟ್ಟಿದಾಗಲೇ ತಂದಿದಾಳೆ. ನಿನ್ನ ಹೊಟ್ಟೆಯಿಂದಲೂ ಅಷ್ಟಿಷ್ಟು ಬಂದಿರ್ಬೇಕು, ನಿನ್ನೆ ಎಣ್ಣೆ ಮುಂದೆ ನೋಡಿದ್ನಲ್ಲ." ಸುತ್ತಲಿನವರ ಕಡೆ ತಿರುಗಿದಳು. "ಹೋಗ್ರೋ ಎಲ್ಲಾ, ಸುಮ್ಮನಿರಿ. ಯಾರೂ ಕರೀಬೇಡಿ. ಅವಳಿಗೆ ಬೇಕಾದಾಗ ಎದ್ದೇಳ್ತಾಳೆ."

ತಾನು ಮಾತ್ರ ಕದಲಲಿಲ್ಲ. ಮಂಡಿಯೂರಿದಲ್ಲೇ ಕೂತಿದ್ದಳು. ಬೆವರು ಆರಿ ಬೆನ್ನು ತಣ್ಣಗಾಯಿತು. ಒಳಗಿನಿಂದ ಊಟಕ್ಕೆ ಕರೆದರು, ಕೇಳಿಸಲಿಲ್ಲ. ಸಾದಿರ್ ಮಾಂಸದ ತಟ್ಟೆಯನ್ನು ಅಲ್ಲಿಗೇ ತಂದು, ತಪ್ಪಿಗೆ ದಂಡ ಕಟ್ಟುವವನಂತೆ ದೂರದಲ್ಲಿಟ್ಟು ನಿಂತ.

ಬಿಸಿಮಾಂಸದ ಹಬೆ ಮಗುವಿನ ಮೂಗಿಗೆ ಬಡಿಯಿತು. ಕುಂದುಜ್ ಎರಡೂ ಅಂಗೈ ನೆಲಕ್ಕೂರಿ, ಹಿಂಭಾಗ ಮೊದಲು ಮೇಲೆತ್ತಿ, ನೆಟ್ಟಗಾದಳು. ಒಂದು ಕಾಲು ಮುಂದೆ. ಆ ಕಾಲು ನಡುಗಿತು, ಊರಿತು. ಇನ್ನೊಂದು ಬಂತು. ಅಜ್ಜಿಯ ಮುಂದೆಯೇ, ಅಜ್ಜಿಯನ್ನು ಕಣ್ಣೆತ್ತಿಯೂ ನೋಡದೆ, ಅವಳ ಮೊಣಕಾಲನ್ನು ಬರೀ ಆಸರೆಗೊಮ್ಮೆ ತಟ್ಟಿ, ಮಾಂಸದ ತಟ್ಟೆಯ ಕಡೆ ನಡೆದುಹೋದಳು.

ಜೂರಕಾನ್ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ನೋಡಿದ್ರಾ ಅಪಾ?" ಎಂದಳು ಜಾರ್ಕಿನ್, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು.

"ನೋಡಿದೆ."

"ಸರಿಯಾಗಿ ನೋಡಿದ್ರಾ?"

"ಸರಿಯಾಗಿಯೇ ನೋಡಿದೆ. ಬಲಗಾಲು ಮೊದಲು ಇಟ್ಲು." ಸುರಿಯುತ್ತಿದ್ದ ಮೂಗನ್ನು ತೋಳಿನಲ್ಲಿ ಒರೆಸಿಕೊಂಡಳು. ಆಮೇಲೆ ಗಂಡನಿಗೆ ಕೂಗಿ ಹೇಳಿದಳು: "ಏ ಮುದುಕಾ, ಆ ತಟ್ಟೆ ಇನ್ನೂ ಸ್ವಲ್ಪ ಹಿಂದಕ್ಕೆ ಎಳಿ!"